ಊರಿನ ಹುಡುಗನಿಗೊಂದು ಸ್ಮಾರಕ: ಪ್ರತಿಮೆಯೋ, ಕಲ್ಲೋ, ಅದರ ಮೇಲೆ ಏನು ಬರೆಸಬೇಕು?

ಹೊಳೆದಂಡೆ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಕಾರ್ಗಿಲ್ ಯುದ್ಧದಲ್ಲಿ, 1999ರಲ್ಲಿ, ನಮ್ಮೂರ ಹುಡುಗನೊಬ್ಬ ಹೋಗಿಬಿಟ್ಟ. ಮದುವೆಗೆ ಹೆಣ್ಣು ನೋಡುತ್ತಿದ್ದ ವಯಸ್ಸು. ಹೆಸರನ್ನು ಇಂಟರ್ನೆಟ್‌ನಲ್ಲಿ ಹಾಕುವುದು ಬೇಡ ಎಂದು ಅವರ ಮನೆಯವರು ಹೇಳಿದ್ದಾರೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಇಷ್ಟು ವರ್ಷ ಬಸ್ ನಿಲ್ದಾಣದ ಹತ್ತಿರ ತಗಡಿನ ಬೋರ್ಡೊಂದು ಇತ್ತು, ತುಕ್ಕು ಹಿಡಿದು ಬಿತ್ತು. ಈಗ ಯುವಕ ಸಂಘದವರು, ಹೊರಗೆ ದುಡಿಯುವವರು ಎಲ್ಲ ಸೇರಿ ಹಣ ಕೂಡಿಸಿದ್ದಾರೆ. ಒಂದು ಗುಂಪು ಬಂದೂಕು ಹಿಡಿದ ಆಳೆತ್ತರದ ಪ್ರತಿಮೆ ಆಗಲೇಬೇಕು ಅನ್ನುತ್ತಿದೆ. ಇನ್ನೊಂದು ಗುಂಪು ಹೆಬ್ಬಾಗಿಲು ಅನ್ನುತ್ತಿದೆ. ಶಾಲೆಯ ಮೇಷ್ಟ್ರು ಮಾತ್ರ, ಶಾಲೆ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸಿ ಅವನ ವಿಷಯ ಬರೆಸಿ ಅನ್ನುತ್ತಾರೆ. ನನ್ನ ಮನಸ್ಸು ಮೇಷ್ಟ್ರ ಕಡೆಗಿದೆ. ಆದರೆ ಸಭೆಯಲ್ಲಿ ‘ಕಲ್ಲಂದ್ರೆ ಏನು, ಮೈಲಿಗಲ್ಲಾ?’ ಅಂದವರಿಗೆ ಏನು ಹೇಳಬೇಕೋ ತೋಚಲಿಲ್ಲ. ನಿಮ್ಮ ಊರುಗಳಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

ಮಡಿಕೇರಿ ಮಳೆ:

ನಮ್ಮ ಕೊಡಗಿನಲ್ಲಿ ಪ್ರತಿಮೆಗಳಿಗೆ ಕೊರತೆಯಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಹೆಸರನ್ನೂ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಅವರ ಪ್ರತಿಮೆಯೂ ಮಡಿಕೇರಿಯಲ್ಲಿದೆ. ಬಸ್ಸಿನಲ್ಲಿ ಬಂದ ಪ್ರವಾಸಿಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದ್ದೇನೆ. ಇವರು ಯಾರು ಅಂತ ಕೇಳಿದರೆ ‘ಪೈಲಟ್’ ಅನ್ನುತ್ತಾರೆ, ಅಷ್ಟೇ. ಆ ಮನುಷ್ಯನ ಕಥೆಯನ್ನು ಪೂರ್ತಿ ಹೇಳಲೇಬೇಕು.

1932ರ ಡಿಸೆಂಬರ್‌ನಲ್ಲಿ ಹುಟ್ಟಿದವರು, 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಶುರುವಾದಾಗ ಒಂದನೇ ಸ್ಕ್ವಾಡ್ರನ್ನಿನಲ್ಲಿ, ಪಂಜಾಬಿನ ಆದಂಪುರದಲ್ಲಿ ಇದ್ದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ. ಹೊರಡಬೇಕಾಗಿದ್ದದ್ದು ಹನ್ನೆರಡು ವಿಮಾನ. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಕಾದಿರಿಸಿದ್ದ ಪೈಲಟ್ ಅವರು. ಒಂದು ವಿಮಾನ ಹಿಂದೆ ಉಳಿಯಿತು, ಇವರು ಹೊರಟರು. ಮಿಕ್ಕವರು ವಾಪಸ್ ಬಂದರು, ಇವರು ಬರಲಿಲ್ಲ.

ಏನಾಯಿತು ಎಂದು ನೋಡಿದವರು ಯಾರೂ ಇರಲಿಲ್ಲ. ಕಾಗದದಲ್ಲಿ ‘ಕಾಣೆಯಾಗಿದ್ದಾರೆ’. ವಯಸ್ಸು 32. ಮಣ್ಣು ಮಾಡಲು ದೇಹವೂ ಬರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಅಂದರೆ ನಮ್ಮಲ್ಲಿ ಕೈಲ್ ಪೊಳ್ದ್. ಮನೆಮನೆಯಲ್ಲೂ ಕೋವಿ, ಒಡಿಕತ್ತಿ ತೊಳೆದು ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವ ಹಬ್ಬ. ಆ ಹಬ್ಬದ ಬೆನ್ನಿಗೇ ಆ ಮನೆಗೆ ಬಂದ ಸುದ್ದಿ ಅದು.

ನಭ ವೀಕ್ಷಕ:

ಮಳೆಯವರೇ, ಮುಂದಿನದನ್ನು ನಾನು ಸೇರಿಸುತ್ತೇನೆ, ಇದು ನನ್ನ ಇಷ್ಟದ ವಿಷಯ.

ದೇವಯ್ಯ ಹಾರಿಸುತ್ತಿದ್ದದ್ದು ಫ್ರಾನ್ಸಿನ ಮಿಸ್ಟೇರ್. ಅವರ ಬೆನ್ನಟ್ಟಿ ಬಂದದ್ದು ಪಾಕಿಸ್ತಾನದ ಬಳಿಯಿದ್ದ ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅಂಥದ್ದರ ಕೈಗೆ ಸಿಕ್ಕ ಮೇಲೆ ಓಡಿ ಪಾರಾಗುವ ಮಾತೇ ಇಲ್ಲ. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಆದರೂ ಅವರು ತಿರುಗಿ ಬಿದ್ದು ಹೋರಾಡಿದರು, ತಮ್ಮ ಪೆಟ್ಟು ತಿಂದ ವಿಮಾನದಿಂದಲೇ ಸ್ಟಾರ್‌ಫೈಟರನ್ನು ಹೊಡೆದರು. ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಜಿಗಿದು ಬದುಕಿಕೊಂಡರು. ದೇವಯ್ಯ ಉಳಿಯಲಿಲ್ಲ.

ಇದು ಭಾರತಕ್ಕೆ ತಿಳಿದದ್ದು ಯಾವಾಗ ಗೊತ್ತೇ? 1979ರಲ್ಲಿ. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಆ ದಿನ ಒಂದು ಸ್ಟಾರ್‌ಫೈಟರ್ ಮಿಸ್ಟೇರಿನ ಜೊತೆ ಕಾದಾಡಿ ಬಿತ್ತು ಎಂಬ ವಿಷಯ ಬಂತು. ಆ ದಿನ ಅಲ್ಲಿಂದ ವಾಪಸ್ ಬಾರದ ಮಿಸ್ಟೇರ್ ಯಾವುದು ಎಂದು ನಮ್ಮವರು ಲೆಕ್ಕ ಹಾಕಿದಾಗ ಉಳಿದ ಹೆಸರು ಒಂದೇ. ಅಂದಿನ ಅವರ ಕಮಾಂಡಿಂಗ್ ಆಫೀಸರ್ ತನೇಜಾ ಪಟ್ಟು ಹಿಡಿದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಇಪ್ಪತ್ಮೂರು ವರ್ಷದ ನಂತರ! ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ವಾಯುಪಡೆಯವರು ಅವರೊಬ್ಬರೇ. ಅವರ ದೇಹವನ್ನು ಅಲ್ಲಿನ ಹಳ್ಳಿಯವರೇ ಹೊಲದಲ್ಲಿ ಮಣ್ಣು ಮಾಡಿದ್ದರು ಎಂಬುದೂ ಆಮೇಲೆ ಗಡಿಯ ಆಚೆಯಿಂದಲೇ ತಿಳಿಯಿತು.

ಎದುರಾಳಿಯ ಕಡೆಯವರು ಬರೆದಿಟ್ಟದ್ದರಿಂದ ನಮ್ಮ ಮನುಷ್ಯನ ಸಾಹಸ ನಮಗೆ ಗೊತ್ತಾಯಿತು. ಅವರು ಬರೆಯದೇ ಇದ್ದಿದ್ದರೆ ದೇವಯ್ಯ ಇವತ್ತಿಗೂ ‘ಕಾಣೆಯಾದವರು’. ಹಾಗಾಗಿ ಹೊಳೆದಂಡೆಯವರೇ, ಪ್ರತಿಮೆ ಮಾಡಿ, ಬಿಡಿ, ಆದರೆ ಬರೆಸುವುದನ್ನು ಮಾತ್ರ ಬಿಡಬೇಡಿ.

ಕುಂದಗೋಳದವ:

ನಮ್ಮ ತಾಲೂಕಿನ ಬೆಟದೂರ ಗೊತ್ತಲ್ರೀ? ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಊರು. ಅದು ಯುದ್ಧ ಅಲ್ಲ ಅಂತ ನೀವು ಅನ್ನಬಹುದು, ಆದ್ರ ಸಿಯಾಚಿನ್‌ನ್ಯಾಗ ನಿಂತವರಿಗೆ ದಿನಾ ಯುದ್ಧಾನ. 2016ರ ಫೆಬ್ರವರಿ 3ಕ್ಕ ಹಿಮ ಕುಸಿದು ಹತ್ತು ಮಂದಿ ಸಿಕ್ಕೊಂಡ್ರು. 19,600 ಅಡಿ ಎತ್ತರ. ಆರು ದಿನ ಆದಮ್ಯಾಗ ಅಗದು ನೋಡಿದ್ರ ಇವರೊಬ್ಬರು ಉಸಿರಾಡ್ಲಿಕತ್ತಿದ್ರು. ಇಡೀ ದೇಶ ದೇವರಿಗೆ ಹರಕಿ ಹೊತ್ತಿತ್ತು. 11ಕ್ಕ ದಿಲ್ಲಿ ಆಸ್ಪತ್ರಿಯೊಳಗ ಹೋಗಿಬಿಟ್ರು. ಊರಿಗೆ ತಂದ ದಿನ ಸೇರಿದ್ದ ಮಂದೀನ ನಾ ಕಣ್ಣಾರೆ ನೋಡೀನಿ, ಎತ್ತಿನ ಬಂಡಿ ಕಟ್ಕೊಂಡು ಬಂದಿದ್ರು ಮುದುಕರು.

ನಾ ಹೇಳೋದು ಬ್ಯಾರೇನ ಐತಿ. ಆ ಹತ್ತು ಮಂದಿಯೊಳಗ ಕರ್ನಾಟಕದವರೇ ಮೂರು ಮಂದಿ ಇದ್ರು. ನಿಮ್ಮ ಹಾಸನ ಜಿಲ್ಲೆಯವರೊಬ್ಬರು, ಮೈಸೂರು ಕಡೆಯವರೊಬ್ಬರು. ಅವರಿಬ್ಬರ ಹೆಸರು ಇಲ್ಲಿ ಎಷ್ಟು ಮಂದಿಗೆ ನೆನಪೈತಿ? ಟಿವಿ ತೋರಿಸಿದ್ದು ಉಳೀತು, ತೋರಿಸಲಾರದ್ದು ಹೋತು. ಅದಕ್ಕ ಊರಿನ ಕಲ್ಲು ಬೇಕ್ರೀ. ಟಿವಿಯವರು ನಾಳೆ ಬರಂಗಿಲ್ಲ.

ಸುಬೇದಾರ್ (ನಿವೃತ್ತ):

ಹೊಳೆದಂಡೆಯವರೇ, ಸ್ವಲ್ಪ ಕೆಲಸದ ಮಾತು ಹೇಳುತ್ತೇನೆ.

ಒಂದು, ಬಸ್ ನಿಲ್ದಾಣದ ಹತ್ತಿರ, ರಸ್ತೆ ಬದಿ ಅಂತೆಲ್ಲ ಯೋಚನೆ ಇದ್ದರೆ ಬಿಟ್ಟುಬಿಡಿ. ಸಾರ್ವಜನಿಕ ರಸ್ತೆ, ಫುಟ್‌ಪಾತ್ ಮೇಲೆ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದು ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಲ್ಲಿಸಿದ ಮೇಲೆ ಯಾರೋ ಅರ್ಜಿ ಹಾಕಿ, ತೆಗೆಸಿ, ಹುತಾತ್ಮನ ಪ್ರತಿಮೆಗೆ ಗೋಣಿಚೀಲ ಸುತ್ತಿ ಪಂಚಾಯಿತಿ ಗೋಡೌನಿನಲ್ಲಿ ಇಡುವ ಪರಿಸ್ಥಿತಿ ಬರಬಾರದು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಜಾಗದ ಪತ್ರ ಕೈಯಲ್ಲಿ ಇಟ್ಟುಕೊಂಡು ಪಾಯ ತೋಡಿ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೂ ಒಂದು ಪತ್ರ ಕೊಡಿ, ದಾರಿ ಹೇಳುತ್ತಾರೆ.

ಎರಡು, ಹೆಸರು, ರ‍್ಯಾಂಕ್, ಸರ್ವಿಸ್ ನಂಬರ್, ಯೂನಿಟ್. ಈ ನಾಲ್ಕೂ ಪಕ್ಕಾ ಇರಬೇಕು. ಊರಲ್ಲಿ ಎಲ್ಲರನ್ನೂ ‘ಯೋಧ’ ಅಂದುಬಿಡುತ್ತಾರೆ. ನಾಯಕನನ್ನು ಸಿಪಾಯಿ ಅಂತ ಬರೆಸಿದ್ದನ್ನೂ ನೋಡಿದ್ದೇನೆ, ಮೂರು ಪಟ್ಟಿ ಹಾಕಿದ ಹವಾಲ್ದಾರನ ಪ್ರತಿಮೆಗೆ ಆಫೀಸರ್ ಟೋಪಿ ಹಾಕಿದ್ದನ್ನೂ ನೋಡಿದ್ದೇನೆ. ನಮ್ಮಂಥವರಿಗೆ ಅದು ಹೊಟ್ಟೆ ಉರಿಯುತ್ತದೆ. ಆ ಒಂದೊಂದು ಪಟ್ಟಿಯನ್ನೂ ಅವನು ದುಡಿದು ಗಳಿಸಿದ್ದು. ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ (2019ರಲ್ಲಿ ಆಯಿತು) 25,000ಕ್ಕೂ ಹೆಚ್ಚು ಹೆಸರುಗಳನ್ನು ಗ್ರಾನೈಟ್ ಮೇಲೆ ಒಂದೊಂದಾಗಿ ಕೆತ್ತಿದ್ದಾರೆ. ಅಲ್ಲಿ ಹೇಗಿದೆಯೋ ನೋಡಿ ತಾಳೆ ಹಾಕಿ. ಅನುಮಾನ ಬಂದರೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆಯಬಹುದು.

ಮೂರನೆಯದು ಬಹಳ ಮುಖ್ಯ. ಯುದ್ಧದಲ್ಲಿ ಒಬ್ಬ ಹುಡುಗ ಹೋದರೆ ಅವನ ಯೂನಿಟ್‌ನಿಂದ ಮನೆಗೆ ಒಂದು ಪತ್ರ ಬರುವ ವಾಡಿಕೆ ಇದೆ. ಕಮಾಂಡಿಂಗ್ ಆಫೀಸರ್ ಅಥವಾ ಕಂಪನಿ ಕಮಾಂಡರ್ ಬರೆದಿರುತ್ತಾರೆ, ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಮನೆಯವರು ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿರುತ್ತಾರೆ, ಪೂರ್ತಿ ಓದಿರುವುದಿಲ್ಲ. ಅದನ್ನು ಕೇಳಿ ನೋಡಿ. ಅವನು ಹೇಗೆ ಹೋದ ಎಂಬುದು ಅದರಲ್ಲಿರುತ್ತದೆ.

ಶಾಸನಾಸಕ್ತೆ:

‘ಕಲ್ಲಂದ್ರೆ ಮೈಲಿಗಲ್ಲಾ’ ಅಂದವರಿಗೆ ನನ್ನ ಉತ್ತರ ಇದು, ಸಭೆಯಲ್ಲಿ ಓದಿ ಹೇಳಿ.

ಯುದ್ಧದಲ್ಲಿ ಸತ್ತವನಿಗೆ ಅವನ ಊರಿನಲ್ಲೇ ಕಲ್ಲು ನಿಲ್ಲಿಸಿ, ಅವನ ಹೆಸರು, ಅವನು ಹೋರಾಡಿದ ಕಾಳಗ, ಎಲ್ಲವನ್ನೂ ಬರೆಸುವುದನ್ನು ನಮ್ಮ ಕನ್ನಡದ ಜನ ಸಾವಿರಕ್ಕೂ ಹೆಚ್ಚು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. ವೀರಗಲ್ಲು ಅಂದರೆ ಅದೇ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಒಂದು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಎಂಟನೇ ಶತಮಾನ. ರಟ್ಟರು ದಾಳಿ ಮಾಡಿದಾಗ ಹೋರಾಡಿ ಸತ್ತ ಕಿತ್ತಯ್ಯ ಎಂಬವನ ಕಲ್ಲು. ರಾಜ ಅಲ್ಲ, ದಂಡನಾಯಕನೂ ಅಲ್ಲ. ಆ ಊರಿನ ಕಿತ್ತಯ್ಯ, ಅಷ್ಟೇ. ಹನ್ನೆರಡು ಶತಮಾನ ದಾಟಿ ಅವನ ಹೆಸರು ಉಳಿದಿದೆ. ಕಲ್ಲನ್ನು ತೊಳೆದು ಮಂಟಪ ಕಟ್ಟಿ ನಿಲ್ಲಿಸಲು ಈಗಿನ ಹೆಬ್ಬಾಳದವರೇ ಕೈಜೋಡಿಸಿದರು. ಆ ಊರಿಗೆ ಅವನು ಮತ್ತೆ ಮನೆಮಗನಾದ.

ಬೆಂಗಳೂರಿನ ಹೆಸರು ಸಿಗುವ ಬೇಗೂರಿನ ಶಾಸನವೂ (ಸುಮಾರು 890) ‘ಬೆಂಗಳೂರು ಕಾಳಗ’ದಲ್ಲಿ ಸತ್ತವರದ್ದೇ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ಆನೆ, ಕುದುರೆ, ಬಿದ್ದವರು, ಬಿಲ್ಲು ಹಿಡಿದವರು ಎಲ್ಲ ಒತ್ತೊತ್ತಾಗಿ ಇದ್ದಾರೆ. ತುಂಬೇಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದ ಮೇಲೆ ಹೋರಾಡಿ ನಾಗತ್ತರ ಸತ್ತ, ಆಮೇಲೆ ಗಂಗರ ದೊರೆ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟ ಎಂದು ಬರೆದಿದೆ. ಆ ಹಳ್ಳಿಗಳ ಹೆಸರನ್ನೂ ಬಿಡದೆ ಬರೆದಿದ್ದಾರೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಅಂದರೆ ಹೊಗಳಿಕೆ ಕೊನೆಗೆ, ಮೊದಲು ಮನೆಯವರ ಅನ್ನದ ಏರ್ಪಾಡು. ಇದನ್ನು ನಿಮ್ಮ ಸಂಘದವರು ಗಮನಿಸಬೇಕು. ಆ ಹುಡುಗನ ತಂದೆ ತಾಯಿ ಹೇಗಿದ್ದಾರೆ ಈಗ?

ಇದರ ಎದುರಿಗೆ ಬ್ರಿಟಿಷರ ಕಾಲದ ಕಲ್ಲು ನೋಡಿ. ಮೊದಲ ಮಹಾಯುದ್ಧದ ನಂತರ ಭಾರತದ ಎಷ್ಟೋ ಹಳ್ಳಿಗಳಲ್ಲಿ ಒಂದೇ ಅಚ್ಚಿನ ಫಲಕ ಹಾಕಿಸಿದರು: ‘ಈ ಹಳ್ಳಿಯಿಂದ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು.’ ಲೆಕ್ಕ ಇದೆ, ಹೆಸರಿಲ್ಲ. ಯಾರ ಮಗ, ಎಲ್ಲಿ ಸತ್ತ, ಏನೂ ಇಲ್ಲ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂಬತ್ತನೇ ಶತಮಾನದವರಿಗೆ ಇದ್ದ ಕಾಳಜಿ ಇಪ್ಪತ್ತನೆಯದಕ್ಕೆ ಇರಲಿಲ್ಲ.

ನಭ ವೀಕ್ಷಕ:

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲೂ 75 ಅಡಿಯ ವೀರಗಲ್ಲು ನಿಲ್ಲಿಸಿದ್ದಾರೆ. ಆದರೆ ನನಗೆ ಅಲ್ಲಿ ಎದೆ ತಟ್ಟುವುದು ಆ ಎತ್ತರ ಅಲ್ಲ, ಕಲ್ಲಿನ ಮೇಲಿನ ಹೆಸರುಗಳ ಸಾಲು.

ದುಬೈನಿಂದ:

ನಾನೂ ಹಾಸನದವನೇ. ಹಣ ಕಡಿಮೆ ಬಿದ್ದರೆ ಹೇಳಿ ಅಣ್ಣ. ಇನ್ನೊಂದು ಮಾತು, ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರು ದೊಡ್ಡದಾಗಿ, ಹುಡುಗನ ಹೆಸರು ಸಣ್ಣದಾಗಿ ಬರದಂತೆ ನೋಡಿಕೊಳ್ಳಿ. ಹಣ ಕೊಟ್ಟವರ ಪಟ್ಟಿಯೂ ಬೇಡ, ನನ್ನದಂತೂ ಬೇಡವೇ ಬೇಡ.

ಹೊಳೆದಂಡೆ:

ಎಲ್ಲರಿಗೂ ಕೈಮುಗಿದೆ. ದೇವಯ್ಯನವರ ವಿಷಯವನ್ನು ಮೊನ್ನೆ ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಹೇಳಿದರಂತೆ.

ಸುಬೇದಾರ್ ಸರ್, ನೀವು ಹೇಳಿದ್ದು ನಿಜವಾಯಿತು. ನಾನೂ ಮೇಷ್ಟ್ರೂ ಅವರ ಮನೆಗೆ ಹೋಗಿ ಕೇಳಿದೆವು. ತಾಯಿ ಒಳಗೆ ಹೋಗಿ ರೇಷ್ಮೆ ಸೀರೆ ಇಡುವ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಅವನ ಗುರುತಿನ ಬಿಲ್ಲೆ, ಎರಡು ಇನ್‌ಲ್ಯಾಂಡ್ ಲೆಟರ್, ಟೈಪ್ ಮಾಡಿದ ಇಂಗ್ಲಿಷ್ ಪತ್ರ. ಮಡಿಚಿದ ಗೆರೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ‘ಒಳ್ಳೆ ಹುಡುಗ ಅಂತ ಬರ್ದವ್ರೆ ಅಂತ ಅವತ್ತು ಯಾರೋ ಹೇಳಿದ್ರು, ಅಷ್ಟೇ ಗೊತ್ತು ಕಣಪ್ಪ’ ಅಂದರು. ಮೇಷ್ಟ್ರು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು.

ಪ್ರತಿ ಆಗಸ್ಟ್ 15ರ ಭಾಷಣದಲ್ಲಿ ನಾವು ಕೇಳುತ್ತಿದ್ದದ್ದು ಅವನು ಬಂದೂಕು ಹಿಡಿದು ಶತ್ರುಗಳ ಮೇಲೆ ನುಗ್ಗಿದ ಎಂದು. ಪತ್ರದಲ್ಲಿರುವುದು ಬೇರೆ. ಅವನು ಟೆಲಿಫೋನ್ ಲೈನ್‌ಮನ್. ಶೆಲ್ ಬಿದ್ದು ಮೇಲಿನ ಪೋಸ್ಟಿಗೆ ಹೋಗುವ ತಂತಿ ಪದೇ ಪದೇ ತುಂಡಾಗುತ್ತಿತ್ತಂತೆ. ತಂತಿ ತುಂಡಾದರೆ ಮೇಲಿದ್ದವರಿಗೆ ಫಿರಂಗಿಯ ನೆರವು ಕೇಳಲು ಕಷ್ಟ. ಆ ರಾತ್ರಿ ಎರಡು ಸಲ ಹೋಗಿ ಜೋಡಿಸಿ ಬಂದಿದ್ದ. ಮೂರನೇ ಸಲ ಹೋದಾಗ ಶೆಲ್ ಚೂರು ತಗುಲಿತು. ಹುಡುಕಿ ಹೋದವರಿಗೆ ತಂತಿ ಜೋಡಿಸಿದ್ದು ಕಂಡಿತು, ಲೈನ್ ಮಾತಾಡುತ್ತಿತ್ತು ಎಂದು ಅವನ ಅಧಿಕಾರಿ ಬರೆದಿದ್ದಾರೆ.

ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ಮನೇಲೂ ಹಂಗೇ, ಕರೆಂಟ್ ಹೋದ್ರೆ ಅವನೇ ಕಂಬ ಹತ್ತೋನು, ಬೈತಿದ್ದೆ’ ಅಂದರು.

ಶಾಸನಾಸಕ್ತೆ ಮೇಡಂ, ನೀವು ಕೇಳಿದ್ದಕ್ಕೆ: ತಂದೆ ಇಲ್ಲ. ತಾಯಿಗೆ ಪೆನ್ಷನ್ ಬರುತ್ತಿದೆ. ಮನೆಯ ಹಿಂದಿನ ಗೋಡೆ ಮಳೆಗೆ ಕುಸಿದಿದೆ. ಅದನ್ನು ಮೊದಲು ಕಟ್ಟಿಸಿ ಆಮೇಲೆ ಕಲ್ಲು ಎಂದು ಸಂಘದಲ್ಲಿ ತೀರ್ಮಾನ ಆಯಿತು. ಬಂದೂಕಿನ ಪ್ರತಿಮೆ ಎನ್ನುತ್ತಿದ್ದವರೇ ಮರಳು ಹೊತ್ತು ತಂದಿದ್ದಾರೆ.

ಕುಂದಗೋಳದವ:

ಭಾಳ ಛಲೋ ಕೆಲಸ ಮಾಡಿದ್ರಿ. ಓದಿ ಕಣ್ಣಾಗ ನೀರು ಬಂತು. ಆ ಪತ್ರಾನ ಮೊದಲು ಸ್ಕ್ಯಾನ್ ಮಾಡ್ಸಿ ಇಡ್ರೀ. ಲ್ಯಾಮಿನೇಶನ್ ಮಾತ್ರ ಮಾಡ್ಸಬ್ಯಾಡ್ರಿ, ಹಳೇ ಕಾಗದ ಆ ಬಿಸಿಗೆ ಕೆಡ್ತದ.

ಮಡಿಕೇರಿ ಮಳೆ:

ಅವನ ಕಲ್ಲಿನಲ್ಲಿ ಬಂದೂಕು ಬೇಡ, ತಂತಿಯ ಸುರುಳಿ ಇರಲಿ. ಬೆನ್ನ ಮೇಲೆ ಕೇಬಲ್ ಡ್ರಮ್ ಹೊತ್ತು ಬಾಗಿ ನಡೆಯುವ ಹುಡುಗ, ಹಿಂದೆ ಗುಡ್ಡ. ಹಾಗೆ ಕೆತ್ತಿದರೆ ನಮ್ಮ ರಾಜ್ಯದಲ್ಲಿ ಅಂಥದ್ದು ಇನ್ನೊಂದು ಇರಲಾರದು.

ಶಾಸನಾಸಕ್ತೆ:

ಖಂಡಿತ. ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ನೀವು ಕೆಳಗಿನ ಪಟ್ಟಿಯಲ್ಲಿ ತಂತಿ ಜೋಡಿಸುವುದನ್ನು ಕೆತ್ತಿಸಿ, ಮೇಲೆ ಏನಿರಬೇಕು ಎಂಬುದನ್ನು ತಾಯಿಯನ್ನೇ ಕೇಳಿ.

ಕಲ್ಲಿನ ವಿಷಯ. ನಿಮ್ಮ ಕಡೆ ಹೊಯ್ಸಳರ ಬಳಪದ ಕಲ್ಲಿನ ಮೋಹ ಜಾಸ್ತಿ. ಅದು ಸೂಕ್ಷ್ಮ ಕೆತ್ತನೆಗೆ ಚೆಂದ, ಆದರೆ ಮೆತ್ತನೆಯದು, ಮಕ್ಕಳು ಆಡುವ ಜಾಗದಲ್ಲಿ ಗೀರು ಬೀಳುತ್ತದೆ. ಅಕ್ಷರಕ್ಕೆ ಕಣಶಿಲೆಯೇ (ಗ್ರಾನೈಟ್) ಸರಿ. ಕಾರ್ಕಳದಲ್ಲಿ, ಮಾಲೂರು ತಾಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರಿನಿಂದ ಶಿಲ್ಪದ ಕೆಲಸ ಮಾಡುವವರಿದ್ದಾರೆ. ಅಕ್ಷರವನ್ನು ಆಳವಾಗಿ ಕೊರೆಸಿ. ಚಿನ್ನದ ಬಣ್ಣ ಬಳಿದು ಬಿಡುವುದು ಬೇಡ, ನಾಲ್ಕು ಮಳೆಗಾಲಕ್ಕೆ ಬಣ್ಣ ಹೋಗುತ್ತದೆ. ಆಳದ ಅಕ್ಷರವಾದರೆ ಬಣ್ಣ ಹೋದರೂ ಇಳಿಬಿಸಿಲಿನಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಕಿತ್ತಯ್ಯನ ಹೆಸರು ಉಳಿದದ್ದು ಹಾಗೆಯೇ.

ಹೊಳೆದಂಡೆ:

ಮೇಷ್ಟ್ರು ಬರೆದ ಕರಡು ಹಾಕುತ್ತಿದ್ದೇನೆ. ಹೆಸರುಗಳ ಜಾಗ ಖಾಲಿ ಬಿಟ್ಟಿದ್ದೇನೆ, ತಿದ್ದಿ.

‘ಈ ಊರಿನ ___ ಮತ್ತು ___ ಅವರ ಮಗ ___. ಈ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು. ಭಾರತೀಯ ಸೇನೆಯಲ್ಲಿ ಲೈನ್‌ಮನ್ ಆಗಿದ್ದನು. 1999ರಲ್ಲಿ ಕಾರ್ಗಿಲ್‌ನಲ್ಲಿ ಆಪರೇಷನ್ ವಿಜಯ್ ನಡೆದಾಗ, ಶೆಲ್ ದಾಳಿಯಲ್ಲಿ ತುಂಡಾದ ಟೆಲಿಫೋನ್ ತಂತಿಯನ್ನು ರಾತ್ರಿ ಮೂರು ಸಲ ಹೋಗಿ ಜೋಡಿಸಿದನು. ಮೂರನೇ ಸಲ ಪ್ರಾಣ ಕೊಟ್ಟನು. ತಂತಿ ಜೋಡಿಸಿಯೇ ಇತ್ತು. ಊರವರೆಲ್ಲ ಸೇರಿ ಈ ಕಲ್ಲು ನಿಲ್ಲಿಸಿದೆವು.’

ದುಬೈನಿಂದ:

ಒಂದಕ್ಷರ ಬದಲಾಯಿಸಬೇಡಿ ಅಣ್ಣ.

ಶಾಸನಾಸಕ್ತೆ:

ಎರಡೇ ಮಾತು. ಕಲ್ಲು ನಿಲ್ಲಿಸಿದ ವರ್ಷ ಹಾಕಿ. ಊರಿನ ಹೆಸರನ್ನೂ ಬರೆಸಿ, ‘ಈ ಊರು’ ಅಂದರೆ ಮುಂದೆ ಕಲ್ಲು ಬೇರೆ ಕಡೆ ಹೋದರೆ ಯಾವ ಊರು ಎಂದು ತಿಳಿಯುವುದಿಲ್ಲ. ಊರಿನಿಂದ ಮ್ಯೂಸಿಯಂಗೆ ಹೋದ ವೀರಗಲ್ಲುಗಳಲ್ಲಿ ಇದೇ ತೊಂದರೆ.

ಸುಬೇದಾರ್ (ನಿವೃತ್ತ):

ರ‍್ಯಾಂಕ್ ಬಿಟ್ಟುಹೋಗಿದೆ, ಹೆಸರಿಗಿಂತ ಮೊದಲು ಬರಬೇಕು. ನಂಬರ್, ಯೂನಿಟ್ ಕೂಡ. ಬಿಲ್ಲೆಯ ಮೇಲಿರುವ ನಂಬರನ್ನು ನನಗೆ ಪ್ರತ್ಯೇಕವಾಗಿ ಕಳಿಸಿ, ನಾನೇ ತಾಳೆ ನೋಡಿಸಿ ಹೇಳುತ್ತೇನೆ. ಕಲ್ಲಿಗೆ ಕೊಡುವ ಮೊದಲು ತಾಯಿಗೆ ಒಮ್ಮೆ ಪೂರ್ತಿ ಓದಿ ಹೇಳಿ, ಅವರು ಬೇಡ ಅಂದದ್ದನ್ನು ತೆಗೆಯಿರಿ. ನಿಲ್ಲಿಸುವ ದಿನ ಮೊದಲೇ ತಿಳಿಸಿದರೆ ಹಾಸನದ ಕಡೆಯ ನಿವೃತ್ತ ಸಿಗ್ನಲ್ಸ್‌ನವರನ್ನು (ಸೇನೆಯ ಸಂಪರ್ಕ ವಿಭಾಗದವರು) ಕರೆದುಕೊಂಡು ಬರುತ್ತೇನೆ. ಅವರಲ್ಲಿ ಲೈನ್‌ಮನ್‌ಗಳಾಗಿದ್ದವರೂ ಇದ್ದಾರೆ.